ಮಾಜಿ ಸೈನಿಕರ ವೃದ್ಧಾಪ್ಯ

ಸೇನೆಯಲ್ಲಿ ದುಡಿದು ಬಂದವರು ಇಳಿವಯಸ್ಸನ್ನು ಹೇಗೆ ಕಳೆಯುತ್ತಾರೆ ಎಂಬುದು ವೃದ್ಧಾಪ್ಯಶಾಸ್ತ್ರದ ಒಂದು ಅಧ್ಯಯನ ವಿಷಯ. ಅಮೆರಿಕದ ಜಾನ್ ರೋ ಮತ್ತು ರಾಬರ್ಟ್ ಕಾನ್ 1997ರಲ್ಲಿ ಯಶಸ್ವಿ ವೃದ್ಧಾಪ್ಯಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ರೋಗ ಮತ್ತು ಅಂಗವೈಕಲ್ಯದ ಸಂಭವ ಕಡಿಮೆಯಿರುವುದು, ದೇಹ ಹಾಗೂ ಬುದ್ಧಿಯ ಕಸುವು ಉಳಿದಿರುವುದು, ಬದುಕಿನಲ್ಲಿ ತೊಡಗಿಕೊಂಡಿರುವುದು. ಮೊದಲ ಲಕ್ಷಣವನ್ನೇ ಹಿಡಿದು ಕೂತರೆ ಸಿಯಾಚಿನ್ ಚಳಿಗೆ ಬೆರಳು ಕಳೆದುಕೊಂಡವರು, ಫಿರಂಗಿ ಸದ್ದಿಗೆ ಕಿವಿ ಮಂದವಾದವರು ಪರೀಕ್ಷೆಗೆ ಕೂರುವ ಮೊದಲೇ ನಪಾಸಾಗುತ್ತಾರೆ. ಸೈನಿಕರ ಮಟ್ಟಿಗೆ ಈ ಅಳತೆ ಸಾಲದು. ಅವರ ಮುಪ್ಪಿನ ಗುಣವನ್ನು ನಿರ್ಧರಿಸುವಲ್ಲಿ ರಣರಂಗಕ್ಕಿಂತ ಸಮವಸ್ತ್ರ ಕಳಚಿದ ನಂತರದ ವರ್ಷಗಳ ಪಾಲೇ ದೊಡ್ಡದು.

ಇದಕ್ಕೆ ಆಧಾರವಿದೆ. ಅಮೆರಿಕದಲ್ಲಿ 60 ದಾಟಿದ 2,025 ಮಾಜಿ ಸೈನಿಕರನ್ನು ಸಮೀಕ್ಷಿಸಿ ರಾಬರ್ಟ್ ಪೀಟ್ರ್‌ಜಾಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 82ರಷ್ಟು ಮಂದಿ ಚೆನ್ನಾಗಿ ಮುಪ್ಪಾಗುತ್ತಿರುವವರ ಗುಂಪಿಗೆ ಸೇರಿದರು. ಅವರನ್ನು ಉಳಿದವರಿಂದ ಬೇರ್ಪಡಿಸಿದ್ದು ಮುಖ್ಯವಾಗಿ ಎರಡು ಸಂಗತಿಗಳು: ಒಂದು, ಸದ್ಯದ ದೈಹಿಕ ತೊಂದರೆ ಮತ್ತು ಮನೋವ್ಯಥೆ ಕಡಿಮೆಯಿದ್ದದ್ದು, ಇನ್ನೊಂದು, ಮನಸ್ಸಿಗೆ ಆಸರೆಯಾಗುವ ಗುಣಗಳು ಮತ್ತು ಜನಸಂಪರ್ಕ. ಯುದ್ಧ ಕಂಡಿದ್ದರೇ ಇಲ್ಲವೇ ಎಂಬುದು ಇವುಗಳಷ್ಟು ತೂಗಲಿಲ್ಲ.

ಆಕ್ಷೇಪಗಳು ಹಗುರವಲ್ಲ. ಸೇನೆ ಆರೋಗ್ಯವಂತರನ್ನೇ ಆರಿಸಿಕೊಳ್ಳುತ್ತದೆ; ಗಾಯದಿಂದಲೋ ಕುಡಿತದಿಂದಲೋ ಬೇಗ ಸತ್ತವರು ಸಮೀಕ್ಷೆಗೆ ಸಿಗುವುದೇ ಇಲ್ಲ; ಮೇಲಾಗಿ ಇವು ತಮ್ಮ ಬಗ್ಗೆ ತಾವೇ ಕೊಟ್ಟ ಉತ್ತರಗಳು. ಆದ್ದರಿಂದ ಶೇ 82 ಎಂಬ ಅಂಕಿಗಿಂತ ಇಬ್ಬರು ಮಾಜಿ ಸೈನಿಕರ ನಡುವೆ ವ್ಯತ್ಯಾಸ ತರುವುದು ಯಾವುದು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚು ನಂಬಲರ್ಹ. ಇನ್ನೂ ಗಟ್ಟಿಯಾದ ಆಕ್ಷೇಪ ಆಘಾತದ್ದು. ಸಂಶೋಧಕಿ ಕ್ರಿಸ್ಟೀನ್ ಯಾಫೆ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 55 ದಾಟಿದ 1,81,093 ಮಾಜಿ ಸೈನಿಕರ ದಾಖಲೆಗಳನ್ನು ಏಳು ವರ್ಷಗಳ ಅವಧಿಗೆ ನೋಡಿದಾಗ, ಆಘಾತೋತ್ತರ ಒತ್ತಡದ ಕಾಯಿಲೆ ಇದ್ದವರಲ್ಲಿ ಶೇ 10.6 ಮಂದಿಗೆ ಮರೆಗುಳಿತನ ಬಂದಿತ್ತು, ಇಲ್ಲದವರಲ್ಲಿ ಶೇ 6.6. ಅಂದರೆ ಯುದ್ಧದ ನೆರಳು ಮುಪ್ಪಿನವರೆಗೂ ಚಾಚುವುದು ನಿಜ. ಆದರೆ ಆ ಹೋಲಿಕೆ ಯುದ್ಧ ಕಂಡವರು, ಕಾಣದವರ ನಡುವಿನದಲ್ಲ. ಕಾಯಿಲೆ ಇದ್ದವರು, ಇಲ್ಲದವರ ನಡುವಿನದು. ಆ ಕಾಯಿಲೆಗೆ ಚಿಕಿತ್ಸೆಯಿದೆ, ಹಾಗಾಗಿ ನಿವೃತ್ತಿಯ ನಂತರದ ಆರೈಕೆಯ ಮಹತ್ವ ಇದರಿಂದ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಭಾರತದಲ್ಲಿ ಈ ಮಾತಿಗೆ ಇನ್ನೊಂದು ಆಯಾಮವಿದೆ. ಇಲ್ಲಿ ಜವಾನರಲ್ಲಿ ಬಹುಪಾಲು ಮಂದಿ ಪಿಂಚಣಿಗೆ ಬೇಕಾದ ಕನಿಷ್ಠ 15 ವರ್ಷದ ಸೇವೆ ಮುಗಿಸಿ, ನಲವತ್ತರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಮಕ್ಕಳ ಓದು, ಮನೆಸಾಲ ಎಲ್ಲ ಬಾಕಿ. ಎಟಿಎಂ ಮುಂದೆ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿ ರಾತ್ರಿಪಾಳಿ ಮಾಡುವ ಮಾಜಿ ಹವಾಲ್ದಾರರಿಗೆ ಕೆಲಸವೇನೋ ಇದೆ. ಅವರ ಅನುಭವಕ್ಕೆ ತಕ್ಕ ಕೆಲಸ ಅದಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ 1953ರಲ್ಲಿ ಸೇನೆ ಬಿಟ್ಟ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆದರು, 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರಮಟ್ಟದ ಸಂಘ ಕಟ್ಟಿದರು, 1993ರಲ್ಲಿ ತೀರಿಕೊಳ್ಳುವಾಗ ಅವರಿಗೆ 94 ವರ್ಷ. ದಂಡನಾಯಕರ ಉದಾಹರಣೆಯನ್ನು ಜವಾನನಿಗೆ ಅನ್ವಯಿಸುವುದು ನ್ಯಾಯವಲ್ಲ, ನಿಜ. ವ್ಯವಸ್ಥೆಯ ಹೊಣೆ ಬರುವುದು ಇಲ್ಲೇ: ಹೆಸರು, ಸಂಪರ್ಕಗಳಿಂದ ಸೇನಾಧಿಪತಿಗೆ ತಾನಾಗಿ ಒದಗುವ ಎರಡನೇ ಬದುಕು ಸಿಪಾಯಿಗೆ ಯಾರಾದರೂ ಒದಗಿಸಬೇಕು. 2003ರ ಮಾಜಿ ಸೈನಿಕರ ಆರೋಗ್ಯ ಯೋಜನೆ (ಇಸಿಎಚ್‌ಎಸ್), 2015ರಲ್ಲಿ ಘೋಷಣೆಯಾದ ಸಮಾನ ಹುದ್ದೆ–ಸಮಾನ ಪಿಂಚಣಿ, ಜಿಲ್ಲೆಗಳ ಸೈನಿಕ ಕಲ್ಯಾಣ ಕಚೇರಿಗಳು ಈ ದಿಕ್ಕಿನವೇ. ಆದರೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಚೀಟಿ ಪಡೆದು ದೂರದ ನಗರದ ಆಸ್ಪತ್ರೆಗೆ ಹೋಗಬೇಕಾದ ಎಪ್ಪತ್ತರ ಮುದುಕನಿಗೆ ಯೋಜನೆಯ ಬೆಲೆ ಬಸ್ಸು ಹತ್ತುವ ಶಕ್ತಿಯಲ್ಲೇ ನಿರ್ಧಾರವಾಗುತ್ತದೆ. 2022ರ ಅಗ್ನಿಪಥ ಯೋಜನೆಯಡಿ ಸೇರಿ ನಾಲ್ಕೇ ವರ್ಷಕ್ಕೆ ಹೊರಬೀಳುವವರಿಗಂತೂ ಪಿಂಚಣಿಯೂ ಇಲ್ಲ, ಇಸಿಎಚ್‌ಎಸ್ ಸೌಲಭ್ಯವೂ ಇಲ್ಲ.