ಪ್ಯಾರಾಲಿಂಪಿಕ್ಸ್: ಟಿವಿ ವೀಕ್ಷಕರು ನೋಡುವುದು ಆಟವನ್ನೋ, ಅಂಗವೈಕಲ್ಯವನ್ನೋ?

ಟಿವಿಯಲ್ಲಿ ಪ್ಯಾರಾ ಕ್ರೀಡಾಪಟುಗಳನ್ನು ಕಂಡಾಗ ಹಲವು ವೀಕ್ಷಕರಲ್ಲಿ ಮೊದಲು ಮೂಡುವುದು ಅನುಕಂಪ, ಇಲ್ಲವೇ ಅತಿಯಾದ ಬೆರಗು. ಎರಡರಲ್ಲೂ ಆಟ ಮರೆಯಾಗುತ್ತದೆ.

2012ರ ಲಂಡನ್ ಪ್ಯಾರಾಲಿಂಪಿಕ್ಸ್ ವೇಳೆ ಬ್ರಿಟನ್‌ನ ಚಾನೆಲ್ 4 ಕ್ರೀಡಾಪಟುಗಳನ್ನು ‘ಸೂಪರ್‌ಹ್ಯೂಮನ್’ ಎಂದು ಬಿಂಬಿಸಿತು. ಪ್ರಚಾರ ಜನಪ್ರಿಯವಾಯಿತು. ಆದರೆ ಉಳಿದ ಅಂಗವಿಕಲರ ದಿನನಿತ್ಯದ ತೊಡಕುಗಳನ್ನು ಇದು ಮರೆಮಾಚುತ್ತದೆ ಎಂಬ ಟೀಕೆಯೂ ಬಂತು. 2024ರ ಪ್ಯಾರಿಸ್ ಕೂಟದ ಹೊತ್ತಿಗೆ ಅದೇ ವಾಹಿನಿ, ‘ಅಂಗವೈಕಲ್ಯವಿದ್ದರೂ ಎಷ್ಟು ಚೆನ್ನಾಗಿ ಆಡುತ್ತಾರೆ’ ಎನ್ನುವ ವೀಕ್ಷಕರ ಧೋರಣೆಯನ್ನೇ ಪ್ರಶ್ನಿಸಿತು.

ಆಟವನ್ನು ಆಟವಾಗಿ ನೋಡಲು ನೆರವಾಗುವುದು ವರ್ಗೀಕರಣದ ಮಾಹಿತಿ. ಬ್ಯಾಡ್ಮಿಂಟನ್‌ನಲ್ಲಿ ಎಸ್‌ಎಲ್‌3 ಸಿಂಗಲ್ಸ್ ಅರ್ಧ ಕೋರ್ಟ್‌ನಲ್ಲಿ ನಡೆಯುತ್ತದೆ. ಕಾಲಿನ ವೈಕಲ್ಯದ ಪ್ರಮಾಣ ಅದಕ್ಕಿಂತ ಕಡಿಮೆ ಇರುವವರ ಎಸ್‌ಎಲ್‌4 ವಿಭಾಗಕ್ಕೆ ಪೂರ್ಣ ಕೋರ್ಟ್. ಹಾಸನ ಮೂಲದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಹಾಗೂ ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ವಿಭಾಗದಲ್ಲೇ. ಎರಡೂ ಫೈನಲ್‌ಗಳಲ್ಲಿ ಎದುರಾಳಿ ಫ್ರಾನ್ಸ್‌ನ ಲೂಕಾ ಮಜೂರ್. ಟೋಕಿಯೊದಲ್ಲಿ ಸುಹಾಸ್ ಮೊದಲ ಗೇಮ್ 21-15ರಿಂದ ಗೆದ್ದು, ಬಳಿಕ 17-21, 15-21ರಿಂದ ಸೋತರು.

ಆ ಸೋಲಿಗೆ ಕನಿಕರ ಬೇಕಿಲ್ಲ. ಬೇರೆ ಯಾವುದೇ ಫೈನಲ್ ಕೈತಪ್ಪಿದಾಗ ಆಗುವಷ್ಟೇ ಬೇಸರ ವೀಕ್ಷಕರಿಗೆ ಆದರೆ, ಅವರು ನೋಡಿದ್ದು ಆಟವನ್ನು ಎಂದರ್ಥ.