ಶ್ರೀಕೃಷ್ಣ ನಾರಾಯಣ ರಾತಂಜನಕರ್

ಶ್ರೀಕೃಷ್ಣ ನಾರಾಯಣ ರಾತಂಜನಕರ್ (1899–1974) ಹಿಂದೂಸ್ತಾನಿ ಸಂಗೀತದ ಶಾಸ್ತ್ರಜ್ಞ, ಗಾಯಕ, ವಾಗ್ಗೇಯಕಾರ ಹಾಗೂ ಖೈರಾಗಢದ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯದ ಕುಲಪತಿ.

ಮುಂಬಯಿಯಲ್ಲಿ ಹುಟ್ಟಿದ ಅವರಿಗೆ ಮೊದಲ ಪಾಠ ಹೇಳಿದವರು ಪಟಿಯಾಲಾ ಘರಾಣೆಯ, ಅಂದರೆ ಗಾಯನ ಪರಂಪರೆಯ, ಕೃಷ್ಣಂಭಟ್ ಹೊನ್ನಾವರ್. ಆಮೇಲೆ ಅನಂತ ಮನೋಹರ ಜೋಶಿಯವರಲ್ಲಿ ಅಭ್ಯಾಸ ಸಾಗಿ, ವಿಷ್ಣು ನಾರಾಯಣ ಭಾತಖಂಡೆಯವರ ಶಿಷ್ಯತ್ವ ದೊರೆತ ಮೇಲೆ ಶಾಸ್ತ್ರದ ಕಡೆಗಿನ ಒಲವು ಗಟ್ಟಿಯಾಯಿತು. ರಾಗಗಳನ್ನು ಹತ್ತು ಥಾಟ್‌ಗಳಾಗಿ, ಎಂದರೆ ಏಳು ಸ್ವರಗಳ ಮೂಲ ಮೇಳಗಳಾಗಿ, ವಿಂಗಡಿಸಿದ ಭಾತಖಂಡೆಯವರು 1916ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಬರೋಡಾದಲ್ಲಿ (ಇಂದಿನ ವಡೋದರಾ) ಮೊದಲ ಅಖಿಲ ಭಾರತ ಸಂಗೀತ ಪರಿಷತ್ತನ್ನು ನಡೆಸಿದ್ದರು. ಅದೇ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದ ರಾತಂಜನಕರ್, ಆಸ್ಥಾನ ಗಾಯಕ ಫೈಯಾಜ್ ಖಾನರಿಂದ ಗಂಡಾ ಕಟ್ಟಿಸಿಕೊಂಡು, ಅಂದರೆ ದಾರ ಕಟ್ಟುವ ವಿಧಿಯ ಮೂಲಕ ಶಿಷ್ಯರಾಗಿ, ಆಗ್ರಾ ಘರಾಣೆಯ ತಾಲೀಮು ಪಡೆದರು. ಭಾತಖಂಡೆಯವರಿಂದ ರಾಗದ ಲಕ್ಷಣವನ್ನೂ ಫೈಯಾಜ್ ಖಾನರಿಂದ ಅದನ್ನು ಸಭೆಯಲ್ಲಿ ಬೆಳೆಸುವ ಬಗೆಯನ್ನೂ ಕಲಿತದ್ದೇ ಅವರ ಮುಂದಿನ ಬೋಧನೆಯ ಬಂಡವಾಳವಾಯಿತು.

ಭಾತಖಂಡೆಯವರು 1926ರಲ್ಲಿ ಲಖನೌದಲ್ಲಿ ಆರಂಭಿಸಿದ ಮ್ಯಾರಿಸ್ ಸಂಗೀತ ಕಾಲೇಜಿಗೆ 1928ರಲ್ಲಿ ಪ್ರಾಂಶುಪಾಲರಾದ ರಾತಂಜನಕರ್ ಸುಮಾರು ಮೂರು ದಶಕ ಅದನ್ನು ನಡೆಸಿದರು. ಪಠ್ಯಕ್ರಮ, ಸ್ವರಲಿಪಿ, ಪರೀಕ್ಷೆಗಳಿಂದ ಸಂಗೀತ ಬಂದೀತೇ ಎಂಬ ಉಸ್ತಾದರ ಶಂಕೆ ಪೂರ್ತಿ ನಿರಾಧಾರವೇನಲ್ಲ; ಅದಕ್ಕೆ ಉತ್ತರವೆಂಬಂತೆ ರಾತಂಜನಕರ್ ತರಗತಿಯ ಜೊತೆಗೆ ಗುರುಕುಲವನ್ನೂ ಉಳಿಸಿಕೊಂಡರು. ಬೈಲಹೊಂಗಲದ ಕೆ. ಜಿ. ಗಿಂಡೆ ಹನ್ನೊಂದರ ವಯಸ್ಸಿನಲ್ಲೇ ಲಖನೌಗೆ ಹೋಗಿ ಗುರುವಿನ ಮನೆಯಲ್ಲಿದ್ದು ಕಲಿತರು. ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರ್ಕರ್, ಎಸ್. ಸಿ. ಆರ್. ಭಟ್, ದಿನಕರ ಕಾಯ್ಕಿಣಿ, ಸುಮತಿ ಮುಟಾಟಕರ್, ಪಿಟೀಲುವಾದಕ ವಿ. ಜಿ. ಜೋಗ್ ಇದೇ ಪರಂಪರೆಯವರು.

ಬಿ. ವಿ. ಕೇಸ್ಕರ್ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದಾಗ ಆಕಾಶವಾಣಿ ಕಲಾವಿದರನ್ನು ಧ್ವನಿಪರೀಕ್ಷೆಗೆ ಒಳಪಡಿಸಿದ ಕ್ರಮದಲ್ಲಿ ಮುಂದಾಳಾಗಿದ್ದುದರಿಂದ ರಾತಂಜನಕರ್ ಹಲವು ಸಂಗೀತಗಾರರ ವಿರೋಧ ಕಟ್ಟಿಕೊಂಡರು. 1957ರಲ್ಲಿ ಪದ್ಮಭೂಷಣ ಗೌರವ ಸಂದಿತು. ಖೈರಾಗಢದ ರಾಜಮನೆತನ ತನ್ನ ಅರಮನೆಯನ್ನೇ ಬಿಟ್ಟುಕೊಟ್ಟದ್ದರಿಂದ 1956ರಲ್ಲಿ ಸ್ಥಾಪನೆಯಾಗಿದ್ದ ವಿಶ್ವವಿದ್ಯಾಲಯಕ್ಕೆ 1957ರಲ್ಲಿ ಕುಲಪತಿಯಾಗಿ 1960ರವರೆಗೆ ಇದ್ದರು.

ಆಡಳಿತದ ಹೊರೆ ಅವರ ಕಛೇರಿ ಜೀವನವನ್ನು ಕುಗ್ಗಿಸಿದರೂ ರಚನೆಯನ್ನು ಕುಗ್ಗಿಸಲಿಲ್ಲ. 'ಸುಜನ್' ಎಂಬ ಅಂಕಿತದಲ್ಲಿ ಅವರು ಕಟ್ಟಿದ ಬಂದಿಶ್‌ಗಳು, ಅಂದರೆ ರಾಗ ತಾಳಗಳಲ್ಲಿ ನಿಬದ್ಧವಾದ ಕೃತಿಗಳು, 'ಅಭಿನವ ಗೀತಮಂಜರಿ'ಯ ಸಂಪುಟಗಳಲ್ಲಿವೆ. ಕರ್ನಾಟಕ ಪದ್ಧತಿಯ ವರ್ಣ ಎಂಬ ರಚನಾ ಪ್ರಕಾರವನ್ನು ಹಿಂದೂಸ್ತಾನಿ ರಾಗಗಳಿಗೆ ಅಳವಡಿಸಿದ್ದೂ, ಮಾರ್ಗ ಬಿಹಾಗ್, ಸಾವನಿ ಕೇದಾರ್ ಮುಂತಾದ ರಾಗಗಳನ್ನು ರೂಪಿಸಿದ್ದೂ ಉಂಟು.