ವೈದ್ಯಸಹಾಯಕ ವ್ಯಾಸಂಗ: ಬೆಳಗಾವಿ, ಖಾನಾಪುರ ಪ್ರದೇಶದಲ್ಲಿ ಅದರ ಆಯ್ಕೆ

ರೋಗಿಯ ನಾಡಿ, ಉಷ್ಣತೆ, ರಕ್ತದೊತ್ತಡಗಳನ್ನು ಅಳೆದು ಬರೆದಿಡುವುದು, ಪರೀಕ್ಷೆಗೆ ರಕ್ತ ತೆಗೆಯುವುದು, ಉಪಕರಣಗಳನ್ನು ಕ್ರಿಮಿಶುದ್ಧಗೊಳಿಸುವುದು ಒಂದು ಕಡೆಗೆ, ಕೇಸ್‌ಪೇಪರು, ಬಿಲ್ಲು, ವಿಮೆಗಳ ವ್ಯವಹಾರ ಮತ್ತೊಂದು ಕಡೆಗೆ, ಹೀಗೆ ಚಿಕಿತ್ಸಾಲಯದ ಎರಡು ಬಗೆಯ ಕೆಲಸಗಳಿಗೂ ಒಬ್ಬನೇ ವ್ಯಕ್ತಿಯನ್ನು ಸಿದ್ಧಗೊಳಿಸುವ ಶಿಕ್ಷಣವೇ ವೈದ್ಯಸಹಾಯಕ ವ್ಯಾಸಂಗ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ಸುಮಾರು 60 ಕ್ರೆಡಿಟ್‌ಗಳ, ಎರಡು ವರ್ಷದ ಅಸೋಸಿಯೇಟ್ ಪದವಿಯುಂಟು. ಅದರ ಪಾಠಭಾಗವನ್ನು ಆನ್‌ಲೈನ್ ಮೂಲಕ ಕಲಿಸುವ ಕಾಲೇಜುಗಳೂ ಅಲ್ಲಿವೆ. ಭಾರತದಲ್ಲಿ ಅಂಥ ಪದವಿ ರೂಢಿಯಲ್ಲಿಲ್ಲ. ಅಲ್ಲಿ ಒಬ್ಬನಲ್ಲಿ ಕೂಡಿಬಂದ ಕೆಲಸಗಳು ಇಲ್ಲಿ ಕಾಲಕ್ರಮದಲ್ಲಿ ಹಲವು ವೃತ್ತಿಗಳಾಗಿ ಕವಲೊಡೆದುವು. ಆ ಕವಲುಗಳನ್ನು ಅರಿಯದೆ ಮಾಡಿದ ಆಯ್ಕೆ ವಿದ್ಯಾರ್ಥಿಯ ವರ್ಷಗಳನ್ನೂ ಮನೆಯವರ ಹಣವನ್ನೂ ವ್ಯರ್ಥಗೊಳಿಸಬಲ್ಲುದು.

ಇತಿಹಾಸ

ಬೆಳಗಾವಿ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಇಲ್ಲಿಯ ಅಧೀನ ವೈದ್ಯವರ್ಗದ ಚರಿತ್ರೆಯನ್ನು ಅರಸುವವರು ಮೈಸೂರಿನ ಕಡೆಗಲ್ಲ, ಪುಣೆಯ ಕಡೆಗೆ ನೋಡಬೇಕಾಗುತ್ತದೆ. ಅಲ್ಲಿ 1878ರಲ್ಲಿ ಸ್ಥಾಪಿತವಾದ ಬೈರಾಮಜಿ ಜೀಜಿಭಾಯಿ ವೈದ್ಯಶಾಲೆಯು, 1946ರಲ್ಲಿ ಕಾಲೇಜಾಗುವ ತನಕ, ಮೊದಲು ಹಾಸ್ಪಿಟಲ್ ಅಸಿಸ್ಟೆಂಟರೆಂದೂ ತರುವಾಯ ಸಬ್ ಅಸಿಸ್ಟೆಂಟ್ ಸರ್ಜನ್ನರೆಂದೂ ಕರೆಯಲ್ಪಟ್ಟವರನ್ನು ತಯಾರಿಸುತ್ತಿದ್ದಿತು. ತಾಲೂಕು ದವಾಖಾನೆಗಳ ಭಾರವನ್ನು ಬಹುಮಟ್ಟಿಗೆ ಹೊತ್ತವರು ಇವರೇ.

ಇವರ ಕೈಕೆಳಗೆ, ಹೆಚ್ಚಿನಂಶ ದವಾಖಾನೆಯಲ್ಲಿಯೇ ಕೆಲಸ ಕಲಿತ ಕಂಪೌಂಡರನಿದ್ದನು. ಇಂದು ಅಮೆರಿಕದ ಪಠ್ಯಕ್ರಮವು ವೈದ್ಯಸಹಾಯಕನಿಗೆ ವಿಧಿಸುವ ಕಾರ್ಯಗಳ ಬಹುಪಾಲು ಅವನೊಬ್ಬನ ಪಾಲಿನವಾಗಿದ್ದುವು: ಖಲ್ಲಿನಲ್ಲಿ ಔಷಧವನ್ನು ಅರೆಯುವವನು, ಮಿಶ್ರಣವನ್ನು ಅಳೆದು ಶೀಶೆಗೆ ತುಂಬುವವನು, ಗಾಯಕ್ಕೆ ಪಟ್ಟಿ ಕಟ್ಟುವವನು, ಸೂಜಿ ಕುದಿಸುವವನು, ರೋಗಿಗಳ ಸರದಿಯನ್ನು ನಡೆಸುವವನು ಅವನೇ. ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಚಿ, ಅಂಚಿನಲ್ಲಿ ಕತ್ತರಿಯಿಂದ ಸಮಾನಾಂತರದ ಕಚ್ಚುಗಳನ್ನು ಮಾಡಿ, ಬಿಚ್ಚಿ, ಅಂಟಿನಿಂದ ಶೀಶೆಯ ಮೈಗೆ ಹಚ್ಚುತ್ತಿದ್ದನು. ಅಕ್ಷರ ಬಾರದ ರೋಗಿಯೂ ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಸಲದ ಔಷಧವೆಂದು ತಿಳಿದು ಕುಡಿಯುತ್ತಿದ್ದನು. ಈ ಕಂಪೌಂಡರರ ಬುದ್ಧಿಮತ್ತೆಗೆ ನಮ್ಮ ವೈದ್ಯಕೀಯ ಚರಿತ್ರೆಗಳು ಸಲ್ಲಬೇಕಾದಷ್ಟು ಮನ್ನಣೆಯನ್ನು ಸಲ್ಲಿಸಿಲ್ಲ.

1948ರ ಔಷಧಶಾಸ್ತ್ರ ಕಾಯಿದೆಯು ಈ ವ್ಯವಸ್ಥೆಯ ತಿರುವು. ಔಷಧ ಕೊಡುವವನಿಗೆ ನಿಯತ ಶಿಕ್ಷಣವನ್ನೂ ನೋಂದಣಿಯನ್ನೂ ವಿಧಿಸಿದ ಆ ಕಾಯಿದೆ, ಐದು ವರ್ಷಕ್ಕೆ ಕಡಿಮೆಯಿಲ್ಲದ ಕಾಲ ಆಸ್ಪತ್ರೆ ಅಥವಾ ದವಾಖಾನೆಯಲ್ಲಿ ಔಷಧ ಸಂಯೋಜಿಸಿದವರಿಗೆ ಮೊದಲ ನೋಂದಣಿಪಟ್ಟಿಯಲ್ಲಿ ಸ್ಥಾನವಿತ್ತಿತು. ಆ ಬಾಗಿಲು ಮುಚ್ಚಿದ ಮೇಲೆ ಔಷಧದ ಕೆಲಸವು ಫಾರ್ಮಾಸಿಸ್ಟನಿಗೂ, ರಕ್ತಪರೀಕ್ಷೆಯು ಲ್ಯಾಬ್ ಟೆಕ್ನಿಷಿಯನ್ನನಿಗೂ, ಶುಶ್ರೂಷೆಯು ನರ್ಸಿಗೂ ಹಂಚಿಹೋದುವು. 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆಯು 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜನ್ನು ತೆರೆದಾಗ, ಈ ಹೊಸ ವೃತ್ತಿಗಳಿಗೆ ಊರಿನಲ್ಲಿಯೇ ನೆಲೆ ದೊರೆಯಿತು. ಜಿಲ್ಲಾಸ್ಪತ್ರೆಗೆ ಹೊಂದಿಕೊಂಡ ಸರಕಾರಿ ವೈದ್ಯವಿಜ್ಞಾನ ಸಂಸ್ಥೆಯಾದ ಬಿಮ್ಸ್ ಈಚಿನದು.

ಕಾನೂನಿನ ಸ್ಥಿತಿ

2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗದ ಕಾಯಿದೆಯು ಸಹಾಯಕ ಆರೋಗ್ಯವೃತ್ತಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ, 2000 ಗಂಟೆಗಳಿಗೆ ಕಡಿಮೆಯಲ್ಲದ ವ್ಯಾಸಂಗವನ್ನು ನಿಗದಿಮಾಡಿದೆ. ಈ ಕಾಯಿದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಬೋಧಿಸಕೂಡದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಜುಲೈ–ಆಗಸ್ಟ್ ಶೈಕ್ಷಣಿಕ ಅವಧಿಯಿಂದ ನಿರ್ಬಂಧಿಸಿತು. ಆದಕಾರಣ ಸಂಪೂರ್ಣ ಆನ್‌ಲೈನ್ ಪದವಿಯ ಆಶ್ವಾಸನೆಯೊಡನೆ ಬರುವ ಜಾಹೀರಾತನ್ನು ಓದುವವರು, ಶುಲ್ಕದ ಮಾತಿಗೆ ಮೊದಲು, ಈ ನಿರ್ಬಂಧವನ್ನು ನೆನಪಿಗೆ ತಂದುಕೊಳ್ಳುವುದು ಯುಕ್ತ. ಕರ್ನಾಟಕದ ಪ್ಯಾರಾಮೆಡಿಕಲ್ ಮಂಡಲಿಯ ಡಿಪ್ಲೊಮಾಗಳು ನೇರ ತರಗತಿಯವು. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವರಿಗೆ ಎರಡು ವರ್ಷ, ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಮೂರು ವರ್ಷ. ಕೆಲವು ತಿಂಗಳುಗಳ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿಯು ಕೌಶಲ ಯೋಜನೆಗಳ ಅಂಗ. ಅದು ಉಪಯುಕ್ತವೇ ಆದರೂ ಡಿಪ್ಲೊಮಾಗೆ ಸಮನಲ್ಲ.

ಕೈಯ ಕಲಿಕೆ

ಆನ್‌ಲೈನ್ ಶಿಕ್ಷಣದ ಮಿತಿಯನ್ನು ಸಾಮಾನ್ಯ ಮಾತುಗಳಿಗಿಂತ ಒಂದೇ ಕೆಲಸದ ವಿವರವು ಚೆನ್ನಾಗಿ ತಿಳಿಸುತ್ತದೆ. ಸಿರೆಯಿಂದ ರಕ್ತ ತೆಗೆಯುವಾಗ ತೋಳಿಗೆ ಬಿಗಿದ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇಡಲಾಗದು. ಇಟ್ಟರೆ ರಕ್ತದ ಸಾಂದ್ರತೆಯೇ ಬದಲಾಗುತ್ತದೆ. ನಳಿಕೆಗಳನ್ನು ತುಂಬುವುದಕ್ಕೂ ಒಂದು ಕ್ರಮವಿದೆ: ಮೊದಲು ಕಲ್ಚರ್ ಶೀಶೆ, ಅನಂತರ ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆ, ಬಳಿಕ ಕೆಂಪು, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ನಳಿಕೆಯಲ್ಲಿರುವ ಇಡಿಟಿಎ ಪೊಟ್ಯಾಸಿಯಮ್ಮಿನ ಲವಣ. ಕ್ರಮ ತಪ್ಪಿ ಅದರ ಲೇಶಮಾತ್ರವೂ ಕೆಂಪು ನಳಿಕೆಯನ್ನು ಸೇರಿದರೆ, ಆರೋಗ್ಯವಂತನ ವರದಿಯಲ್ಲಿ ಪೊಟ್ಯಾಸಿಯಂ ಅಪಾಯಕರವಾಗಿ ಏರಿದಂತೆಯೂ ಕ್ಯಾಲ್ಸಿಯಂ ಕುಸಿದಂತೆಯೂ ತೋರುವುದು. ಸಿಟ್ರೇಟ್ ನಳಿಕೆಗೆ ದ್ರಾವಣ ಒಂದು ಭಾಗಕ್ಕೆ ರಕ್ತ ಒಂಬತ್ತು ಭಾಗ ಸೇರಲೇಬೇಕು. ಈ ಕ್ರಮವನ್ನು ಪರದೆಯ ಮೇಲೆ ಕಂಠಪಾಠ ಮಾಡಬಹುದು. ಆದರೆ ನಿರ್ಜಲತೆಯಿಂದ ಬಳಲಿದ ವೃದ್ಧೆಯ ತೋಳಿನಲ್ಲಿ ಜಾರಿಹೋಗುವ ಸಿರೆಯನ್ನು ಬೆರಳ ತುದಿಯಿಂದ ಗುರುತಿಸುವುದು ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ತಿದ್ದದೆ ಬರುವ ವಿದ್ಯೆಯಲ್ಲ. ಅಮೆರಿಕದ ಮಾನ್ಯತಾ ಸಂಸ್ಥೆಗಳೂ ಪಾಠವನ್ನು ಆನ್‌ಲೈನ್ ಮಾಡಲು ಬಿಟ್ಟು, ಚಿಕಿತ್ಸಾಲಯದಲ್ಲಿ ಕಳೆಯಬೇಕಾದ ಕನಿಷ್ಠ 160 ಗಂಟೆಗಳನ್ನು ಬಿಟ್ಟುಕೊಟ್ಟಿಲ್ಲವೆಂಬುದು ಇಲ್ಲಿ ಗಮನಾರ್ಹ.

ಆಯ್ಕೆ

ವಿವಾಹಾನಂತರ ಅಮೆರಿಕದಲ್ಲಿ ನೆಲೆಸಿದ ಬೆಳಗಾವಿಯ ಹೆಣ್ಣುಮಕ್ಕಳಿಗೆ ಅಸೋಸಿಯೇಟ್ ಪದವಿ ಸಾರ್ಥಕವಾದೀತು. ಅವರು ನೋಡಬೇಕಾದುದು ಕಾಲೇಜಿನ ಮಾನ್ಯತೆಯನ್ನಷ್ಟೇ ಅಲ್ಲ, ಆ ನಿರ್ದಿಷ್ಟ ವ್ಯಾಸಂಗಕ್ಕೆ ಸಿಎಎಎಚ್‌ಇಪಿ ಅಥವಾ ಎಬಿಎಚ್‌ಇಎಸ್ ಎಂಬ ಮಾನ್ಯತಾ ಸಂಸ್ಥೆಯ ಒಪ್ಪಿಗೆಯುಂಟೇ ಎಂಬುದನ್ನು, ಏಕೆಂದರೆ ಪ್ರಮಾಣಿತ ವೈದ್ಯಸಹಾಯಕರ (ಸಿಎಂಎ) ಪರೀಕ್ಷೆಗೆ ಕೂರುವ ಮುಖ್ಯ ದಾರಿ ಅದರ ಮೂಲಕವೇ ಸಾಗುತ್ತದೆ. ಊರಿನಲ್ಲಿಯೇ ದುಡಿಯುವವರಿಗೆ ಪ್ರಶ್ನೆ ಬೇರೆ. ಅವರು ಮೊದಲು ವೃತ್ತಿಯನ್ನು ನಿಶ್ಚಯಿಸಿಕೊಳ್ಳಬೇಕು. ರಕ್ತಪರೀಕ್ಷೆಯಲ್ಲಿ ಆಸಕ್ತಿಯಿದ್ದರೆ ಲ್ಯಾಬೊರೇಟರಿ ಡಿಪ್ಲೊಮಾ, ದಾಖಲೆಗಳಲ್ಲಿದ್ದರೆ ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾ. ಈ ಎರಡನೆಯದನ್ನು ವಿದ್ಯಾರ್ಥಿಗಳು ಅಕಾರಣವಾಗಿ ಕಡೆಗಣಿಸುತ್ತಾರೆಂದು ನನ್ನ ಅಭಿಪ್ರಾಯ. ಸಂಸ್ಥೆಗೆ ಸ್ವಂತ ಆಸ್ಪತ್ರೆಯಿದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಯೊಡನೆ ಲಿಖಿತ ಒಪ್ಪಂದವಿದೆ, ವಿದ್ಯಾರ್ಥಿಯು ಸ್ವಹಸ್ತದಿಂದ ಮಾಡಿದ ಕೆಲಸಗಳನ್ನು ಬರೆದಿಡುವ ಲಾಗ್‌ಬುಕ್ಕಿಗೆ ಯಾರು ಸಹಿಮಾಡುತ್ತಾರೆ ಎಂಬಿವನ್ನು ಪ್ರವೇಶಕ್ಕೆ ಮೊದಲೇ ಕೇಳಿ ತಿಳಿಯತಕ್ಕದ್ದು.

ಖಾನಾಪುರ

ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿಯೂ, ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಕೃಷ್ಣಾಪುರದಂಥ ಹಳ್ಳಿಗಳಲ್ಲಿಯೂ ಮಳೆಗಾಲದ ಮೊಬೈಲ್ ಸಂಪರ್ಕ ನೆಚ್ಚುವಂಥದಲ್ಲವಾದ್ದರಿಂದ, ಆನ್‌ಲೈನ್ ಪಾಠವು ದೂರದವರಿಗೇ ಹೆಚ್ಚು ಅನುಕೂಲವೆಂಬ ಮಾತು ಈ ತಾಲೂಕಿಗೆ ಪೂರ್ಣವಾಗಿ ಅನ್ವಯಿಸದು. ರೈಲುಮಾರ್ಗದ ಮೇಲಿರುವ ಲೋಂಡಾ, ಖಾನಾಪುರಗಳವರಿಗೆ ಬೆಳಗಾವಿಗೆ ಹೋಗಿಬಂದು ಓದುವುದು ಸಾಧ್ಯ. ಒಳನಾಡಿನವರಿಗೆ ವಸತಿನಿಲಯ ಅನಿವಾರ್ಯ, ಅದರ ವೆಚ್ಚವನ್ನು ಶುಲ್ಕದೊಡನೆಯೇ ಲೆಕ್ಕಹಾಕಬೇಕು. ಇಲ್ಲಿಯ ವಿದ್ಯಾರ್ಥಿಗೆ ಒಂದು ಸಹಜಸಂಪತ್ತು ಉಂಟು: ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬಿದ್ದು ಬೆಳೆದವನು, ರೋಗಿಯು ಯಾವ ಮಾತಿನಲ್ಲಿ ನೋವನ್ನು ಹೇಳಿಕೊಂಡರೂ ಅದನ್ನು ತಪ್ಪಿಲ್ಲದೆ ಕೇಸ್‌ಪೇಪರಿಗೆ ಇಳಿಸಬಲ್ಲನು.